ಬೆಂಡು ನಡುಗಿದ ಗಳಿಗೆ

ಬೆಳಿಗ್ಗೆಯಿಂದ ಹೊಳೆ ದಂಡೆಯಲ್ಲಿ ಕೂತಿದ್ದೆ. ಸಿಕ್ಕಿದ್ದು ಸೊನ್ನೆ.

ಚಿಕ್ಕವನಿದ್ದಾಗ ಅಜ್ಜ ಗಾಳ ಕೈಗೆ ಕೊಟ್ಟು, "ಮೆಲ್ಲಗೆ ಹೆಜ್ಜೆ ಇಡೋ, ಮೀನಿಗೆ ಗೊತ್ತಾಗುತ್ತೆ" ಅಂದಿದ್ದರು. ಸುಮ್ನೆ ಹೆದರಿಸ್ತಾರೆ ಅಂದುಕೊಂಡಿದ್ದೆ. ಮೀನಿನ ಮೈಯ ಎರಡೂ ಬದಿ ಒಂದು ಗೆರೆ ಇರುತ್ತದೆ, ನೀರಿನ ಸಣ್ಣ ಅಲುಗಾಟವೂ ಅದಕ್ಕೆ ತಿಳಿಯುತ್ತದೆ ಅಂತ ಎಷ್ಟೋ ವರ್ಷದ ಮೇಲೆ ಓದಿದೆ. ಅಜ್ಜ ಓದಿದವರೇ ಅಲ್ಲ!

ಇವತ್ತು ದೊಡ್ಡ ಬಂಡೆಯ ಹಿಂದೆ, ಸೆಳೆತ ಕಡಿಮೆ ಇರುವ ಕಡೆ ಎರೆಹುಳು ಸಿಕ್ಕಿಸಿ ಗಾಳ ಬಿಟ್ಟಿದ್ದೆ. ದಾರಕ್ಕೆ ಕಟ್ಟಿ ನೀರ ಮೇಲೆ ತೇಲಬಿಟ್ಟ ಬೆಂಡು ಒಮ್ಮೆ ನಡುಗಿತು. ಪಕ್ಕಕ್ಕೆ ಸರಿಯಿತು. ಗುಳುಂ ಅಂತ ಮುಳುಗಿತು. ಎಳೆದೆ. ಬರೀ ಕೊಕ್ಕೆ, ಹುಳ ಮಾಯ. ಈ ವಯಸ್ಸಲ್ಲೂ ಆತುರ ಹೋಗಿಲ್ಲ ನೋಡಿ.

ಮನೆಯಲ್ಲಿ "ಎಷ್ಟು ಸಿಕ್ತು?" ಅಂತ ಕೇಳ್ತಾರೆ. ಬೆಂಡು ನಡುಗಿದ್ದನ್ನು ಹೇಗೆ ಹೇಳಲಿ? ನಾಳೆ ಮತ್ತೆ ಅದೇ ಬಂಡೆ.