ಸಹಿ ಕಲಿಸಿದವಳು ನಾನೇ

ಮಾರ್ಚ್ 12, 2025, ಬುಧವಾರ ರಾತ್ರಿ

ಇವತ್ತು ನಮ್ಮ ಸಾಕ್ಷರತಾ ತರಗತಿಯಲ್ಲಿ ಪಾಠದ ಪುಸ್ತಕ ತೆರೆಯಲೇ ಇಲ್ಲ.

ಕಿಟಕಿ ಪಕ್ಕ ಕೂರುವ ಅಕ್ಕ ಎಲ್ಲರಿಗಿಂತ ಮೊದಲೇ ಬಂದಿದ್ದರು. ನಾಲ್ಕು ಮನೆಗಳ ಕಸ, ಪಾತ್ರೆ ಮುಗಿಸಿ ಬರುವವರು, ದಿನವೂ ತಡವಾಗುತ್ತದೆ. ಇವತ್ತು ಕೆಲಸಕ್ಕೇ ಹೋಗಿರಲಿಲ್ಲವಂತೆ. ಪ್ಲಾಸ್ಟಿಕ್ ಕವರಿಗೆ ಕೈ ಹಾಕಿ, ಹತ್ತು ಹನ್ನೆರಡು ಕಾಗದಗಳ ನಡುವಿನಿಂದ ಒಂದನ್ನು ನೋಡದೆಯೇ ಎಳೆದು ಕೊಟ್ಟರು. ಯಾವ ಕಾಗದದ ಮಡಿಕೆ ಹೇಗೆ, ಯಾವುದರ ಅಂಚು ಹರಿದಿದೆ, ಎಲ್ಲ ಅವರ ಬೆರಳಿಗೇ ಗೊತ್ತು.

"ಮೇಡಂ, ಇದ್ರಲ್ಲಿ ಏನು ಬರ್ದಿದೆ, ಚೂರು ಓದಿ ಹೇಳಿ."

ಸಾಲದ ಕಾಗದ. ಸಾಲ ಇವರದಲ್ಲ, ಪಕ್ಕದ ಮನೆಯಾಕೆಯದು. ಆಕೆ ಕಂತು ಕಟ್ಟುವುದು ನಿಲ್ಲಿಸಿ ಎರಡು ತಿಂಗಳಾಗಿದೆ. ಮೊನ್ನೆಯಿಂದ ವಸೂಲಿಯವರು ಇವರ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಾರೆ. "ಸಾಕ್ಷಿಗೆ ಒಂದು ಸಹಿ ಅಂದಿದ್ರು, ಹಾಕ್ದೆ" ಅಂದರು. ಕೆಳಗೆ ಅವರ ಸಹಿ ಇತ್ತು. ಕೊನೆಯ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆಯುವುದು ಅವರ ರೂಢಿ. ಮೊದಲ ಸಲ ಹಾಗೆ ಎಳೆದಾಗ, ಎಷ್ಟು ಚೆನ್ನಾಗಿದೆ ಅಕ್ಕಾ ಅಂತ ಮೆಚ್ಚಿದವಳು ನಾನು.

ಆಮೇಲೆ ಅವರು ಅಂದ ಮಾತು ಈಗಲೂ ಕಿವಿಯಲ್ಲಿದೆ. "ಹೆಬ್ಬೆಟ್ಟು ಒತ್ತುವಾಗ ಯಾರಾದ್ರೂ ಒಬ್ರು ಓದಿ ಹೇಳೋರು ಮೇಡಂ. ಈಗ ಸಹಿ ಹಾಕ್ತೀನಲ್ಲ, ಇವಳಿಗೆ ಓದೋಕೂ ಬರುತ್ತೆ ಅಂದ್ಕೊಂಡು ಯಾರೂ ಹೇಳಲ್ಲ."

ಹೆಬ್ಬೆಟ್ಟಿನ ಗುರುತಿನ ಪಕ್ಕ, ಓದಿ ಹೇಳಿ ತಿಳಿಸಿದ್ದೇನೆ ಅಂತ ಇನ್ನೊಬ್ಬರು ಬರೆದು ಸಹಿ ಮಾಡುವ ಪದ್ಧತಿ ಇದೆ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೂ ಹೆಬ್ಬೆಟ್ಟು ಅಂದರೆ ಅವಮಾನ ಅಂತ ಮೊದಲ ಎರಡು ವಾರ ಸಹಿಯನ್ನಷ್ಟೇ ತಿದ್ದಿಸಿದೆ. ಅವಮಾನ ಹೋಯಿತು, ನಿಜ. ಅದರ ಪಕ್ಕದಲ್ಲಿದ್ದ ಆ ಸಣ್ಣ ಕಾವಲೂ ಹೋಯಿತು. ಓದು ಮಾತ್ರ ಇನ್ನೂ ಬಂದಿರಲಿಲ್ಲ.

ಸಹಿಯನ್ನೇ ಓದಿನ ಅಳತೆ ಅಂದುಕೊಳ್ಳುವ ತಪ್ಪು ತುಂಬಾ ಹಳೆಯದು. ಇಂಗ್ಲೆಂಡಿನಲ್ಲಿ 1754ರಿಂದ ಮದುವೆಯ ರಿಜಿಸ್ಟರಿಗೆ ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕಿತ್ತು, ಬಾರದವರು ಒಂದು ಗುರುತು. ಎಷ್ಟು ಜನ ಅಕ್ಷರಸ್ಥರಿದ್ದರು ಅಂತ ಚರಿತ್ರೆಕಾರರು ಆ ಸಹಿಗಳನ್ನು ಎಣಿಸಿಯೇ ಲೆಕ್ಕ ಹಾಕಿದರು. ಆದರೆ ಆ ಕಾಲದಲ್ಲಿ ಮೊದಲು ಓದು ಕಲಿಸಿ, ಬರವಣಿಗೆಯನ್ನು ಆಮೇಲೆ ಕಲಿಸುತ್ತಿದ್ದರು. ಬಡವರ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಆ 'ಆಮೇಲೆ' ಬರಲೇ ಇಲ್ಲ. ಓದಬಲ್ಲವರೂ ಗುರುತು ಹಾಕಿ ಅನಕ್ಷರಸ್ಥರ ಪಟ್ಟಿಗೆ ಸೇರಿಹೋದರು. ನನ್ನ ತರಗತಿಯಲ್ಲಿ ಆಗಿರುವುದು ಇದರ ತಿರುವುಮುರುವು. ಜಗತ್ತಿನಲ್ಲಿ ಓದು ಬರಹ ಬಾರದ ವಯಸ್ಕರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಹೆಂಗಸರು ಅನ್ನುತ್ತಾರೆ. ಸಹಿಯೊಂದನ್ನೇ ಕಲಿತು ಆ ಲೆಕ್ಕದಿಂದ ಹೊರಬಿದ್ದವರು ಎಷ್ಟು ಜನವೋ ಅಂತ ಇವತ್ತೆಲ್ಲ ಯೋಚನೆ.

ಆ ಕಾಗದವನ್ನೇ ನಡುವೆ ಇಟ್ಟುಕೊಂಡು ಕೂತೆವು. ಅಕ್ಕನಿಗೆ ಕಾಗುಣಿತ ಬರುತ್ತದೆ, ಒತ್ತಕ್ಷರ ಬರುವುದಿಲ್ಲ. ಪುಸ್ತಕದಲ್ಲಿ ಒತ್ತು ಬರುವುದು ಕೊನೆಯ ಪಾಠಗಳಲ್ಲಿ. ಕಾಗದದಲ್ಲೋ ಒತ್ತಿಲ್ಲದ ಸಾಲೇ ಇಲ್ಲ: ಬಡ್ಡಿ, ಮೊತ್ತ, ಷರತ್ತು, ಒಪ್ಪಿರುತ್ತೇನೆ, ತಪ್ಪಿದಲ್ಲಿ. ಅಕ್ಕ ಡ-ಒತ್ತಿನ ಮೇಲೆ ಉಗುರಿಟ್ಟು, "ಇದ್ಯಾಕೆ ಕೆಳಗೆ ಜೋತುಬಿದ್ದಿದೆ?" ಅಂದರು. ಡ ಕೆಳಗೆ ಇನ್ನೊಂದು ಡ ಅಂದೆ. "ಬ... ಡ್ಡಿ." ಸುತ್ತ ಕೂತವರೆಲ್ಲ ಒಟ್ಟಿಗೆ ಅಂದರು. ಆ ಪದ ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ.

ಸಹಿಯ ಕೆಳಗೆ ಸಣ್ಣದಾಗಿ ಅಚ್ಚಾಗಿದ್ದ ಪದವನ್ನು ಅವರು ಯಾರ ಸಹಾಯವೂ ಇಲ್ಲದೆ ಓದಿದರು. ಜಾ-ಮೀ-ನು-ದಾ-ರ. ಅದರಲ್ಲಿ ಒಂದೂ ಒತ್ತಿಲ್ಲ. ಇಡೀ ಪುಟದಲ್ಲಿ ಅವರಿಗೆ ಸಲೀಸಾಗಿ ಓದಲು ಬರುತ್ತಿದ್ದ ಪದ ಅದೇ. ಮತ್ತೆ ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ, "ಸಾಕ್ಷಿ ಅಂತ ಎಲ್ಲಿದೆ?" ಅಂತ ಕೇಳಿದರು. ಎಲ್ಲೂ ಇರಲಿಲ್ಲ.

ಅಲ್ಲಿಂದ ಬೇರೆಯವರ ಕವರುಗಳೂ ಬಿಚ್ಚಿದವು. ಒಬ್ಬಾಕೆಯ ಕವರಿನಲ್ಲಿ ಅವರೇ ಇಟ್ಟ ಲೆಕ್ಕದ ಪುಸ್ತಕ. ಕೆಲಸಕ್ಕೆ ಹೋದ ದಿನಕ್ಕೊಂದು ಗೀಟು, ರಜೆಗೆ ಅಡ್ಡಗೀಟು, ಮುಂಗಡ ತಗೊಂಡಿದ್ದಕ್ಕೆ ಸೊನ್ನೆ. ಐದು ಸಾವಿರ ವರ್ಷಗಳ ಹಿಂದೆ, ಈಗಿನ ಇರಾಕಿನಲ್ಲಿದ್ದ ಸುಮೇರಿನಲ್ಲಿ ಬರವಣಿಗೆ ಶುರುವಾದದ್ದೂ ಧಾನ್ಯ, ಕುರಿಗಳ ಲೆಕ್ಕಕ್ಕೆ, ಹಸಿ ಮಣ್ಣಿನ ಮೇಲೆ. ಈಕೆಯನ್ನು ಬರಹ ಗೊತ್ತಿಲ್ಲದವಳು ಅಂತ ನಾನಿನ್ನು ಎಲ್ಲೂ ಬರೆಯುವುದಿಲ್ಲ. ಆದರೆ ಕೆಲಸ ಕೊಟ್ಟವರ ಪುಸ್ತಕಕ್ಕೂ ಇವರ ಗೀಟುಗಳಿಗೂ ಹೊಂದದೇ ಹೋದಾಗ ಗೆದ್ದದ್ದು ಅಕ್ಷರವಿದ್ದ ಪುಸ್ತಕವಂತೆ. ಅದಕ್ಕೇ ಇಲ್ಲಿಗೆ ಬರಲು ಶುರುಮಾಡಿದ್ದು ಅಂದರು. ಇಷ್ಟು ದಿನ ನಾನು ಕೇಳಿರಲೇ ಇಲ್ಲ.

1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನುವ ಹಳ್ಳಿಯಲ್ಲಿ ನಡೆದದ್ದು ನೆನಪಾಯಿತು. ಸಾಕ್ಷರತಾ ತರಗತಿಗೆ ಬರುತ್ತಿದ್ದ ಕೂಲಿ ಹೆಂಗಸರು ಪಾಠದಲ್ಲಿ ಸಾರಾಯಿಯ ಕತೆ ಓದಿದರು. ತಮ್ಮದೇ ಮನೆಯ ಕತೆ ಅನ್ನಿಸಿ ಎದ್ದು ಹೋಗಿ ಅಂಗಡಿ ಮುಚ್ಚಿಸಿದರು. ಅದು ಊರಿಂದೂರಿಗೆ ಹಬ್ಬಿ 1993ರಲ್ಲಿ ಆಂಧ್ರದಲ್ಲಿ ಸಾರಾಯಿಯೇ ನಿಷೇಧವಾಯಿತು. ಅಲ್ಲಿ ಪಾಠ ಅವರ ಬದುಕಿನದಾಗಿತ್ತು. ನನ್ನ ಪುಸ್ತಕದಲ್ಲಿ ಇನ್ನೂ ಅರಸ, ಸರ, ಮರ.

ಹೊರಡುವ ಮುಂಚೆ ಎಲ್ಲರೂ ಹಾಜರಿಗೆ ಸಹಿ ಹಾಕಬೇಕು. ಅಕ್ಕ ಪೆನ್ನು ಎತ್ತಿ ಹಿಡಿದು ಹಾಗೇ ನಿಂತರು. ಮೊದಲು ಪುಟದ ಮೇಲಿನ ಸಾಲು. ಹಾ-ಜ-ರಾ-ತಿ. ಆಮೇಲೆ ದಿ-ನಾಂ-ಕ. ಹಿಂದೆ ಐದಾರು ಜನ ಕಾಯುತ್ತಿದ್ದರು, ಯಾರೂ ಅವಸರ ಮಾಡಲಿಲ್ಲ.

ಸಾಲದ ಕಾಗದ ನನ್ನ ಹತ್ತಿರವೇ ಬಿಟ್ಟುಹೋಗಿದ್ದಾರೆ. ನಾಳೆಯೊಳಗೆ ದೊಡ್ಡ ಅಕ್ಷರದಲ್ಲಿ ಬರೆದಿಡಬೇಕು. ಎರಡನೇ ಪುಟ ಇನ್ನೂ ಓದಿಲ್ಲ.