ಹೊರಗಿನಿಂದ ಅಂಟಿಸಿದ ಮೆಥಡ್

14 ನವೆಂಬರ್ 2024, ಗುರುವಾರ

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು ಮುಗಿದ ಕ್ಲಾಸಿಗೆ (ಆಬ್ಜೆಕ್ಟ್‌ಗಳನ್ನು ಮಾಡುವ ಅಚ್ಚಿಗೆ) ಹೊರಗಿನಿಂದ ಮೆಥಡ್, ಅಂದರೆ ಕ್ಲಾಸಿಗೆ ಸೇರಿದ ಫಂಕ್ಷನ್, ಸೇರಿಸಲು ಒಂದೇ ಸಾಲು ಸಾಕು. ಮಂಕಿ ಪ್ಯಾಚಿಂಗ್ ಅನ್ನುವುದು ಇದನ್ನೇ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಹಾಗಾಗಿ ಉದಾಹರಣೆಯೂ ಕನ್ನಡದ್ದೇ:

ಖಾತೆ.ಬಡ್ಡಿ = ಬಡ್ಡಿ_ಲೆಕ್ಕ

ಖಾತೆ ಒಂದು ಕ್ಲಾಸು. ಬಡ್ಡಿ_ಲೆಕ್ಕ ಮಾಮೂಲಿ ಫಂಕ್ಷನ್, ಮೊದಲ ಪ್ಯಾರಾಮೀಟರು ಸೆಲ್ಫ್, ಅಂದರೆ ಮೆಥಡ್ ಯಾವ ಆಬ್ಜೆಕ್ಟಿನ ಮೇಲೆ ಕರೆದೆವೋ ಅದು. ಬಲಗಡೆ ಬ್ರ್ಯಾಕೆಟ್ ಹಾಕಬಾರದು, ಹಾಕಿದರೆ ಫಂಕ್ಷನ್ ಅಲ್ಲೇ ಓಡಿಬಿಡುತ್ತದೆ. ಈ ಸಾಲಿಗಿಂತ ಮೊದಲೇ ಹುಟ್ಟಿದ ಆಬ್ಜೆಕ್ಟ್‌ಗಳಿಗೂ ಬಡ್ಡಿ ಸಿಗುತ್ತದೆ. ಮೆಥಡ್ಡನ್ನು ಪೈಥಾನ್ ಹುಡುಕುವುದು ಕರೆದಾಗಲೇ.

ಒಂದೇ ಆಬ್ಜೆಕ್ಟಿಗೆ ಸೇರಿಸುವಾಗ ಎಡವುವವರು ಜಾಸ್ತಿ. ನನ್ನ_ಖಾತೆ.ಬಡ್ಡಿ = ಬಡ್ಡಿ_ಲೆಕ್ಕ ಎಂದಿಟ್ಟು ಕರೆದರೆ, ಒಂದು ಆರ್ಗ್ಯುಮೆಂಟ್ ಕಮ್ಮಿಯಾಯಿತು ಎಂದು ಟೈಪ್‌ಎರರ್ ಬರುತ್ತದೆ. ಕ್ಲಾಸಿನಲ್ಲಿ ಸಿಕ್ಕ ಫಂಕ್ಷನ್ನಿಗಷ್ಟೇ ಸೆಲ್ಫ್ ತಾನಾಗಿ ಸೇರುವುದು. ಟೈಪ್ಸ್ ಮಾಡ್ಯೂಲಿನ ಮೆಥಡ್‌ಟೈಪ್‌ಗೆ ಫಂಕ್ಷನ್, ಆಬ್ಜೆಕ್ಟ್ ಎರಡನ್ನೂ ಕೊಟ್ಟು, ಅದು ಕೊಟ್ಟದ್ದನ್ನು ಇಡಬೇಕು. ಹೆಸರಿನ ಎರಡೂ ಬದಿ ಜೋಡಿ ಅಂಡರ್‌ಸ್ಕೋರ್ ಇರುವ ಡಂಡರ್ ಮೆಥಡ್‌ಗಳಿಗೆ ಇದೂ ಸಾಲದು: ಉದ್ದ ಹೇಳುವ ಲೆನ್ ತನಗೆ ಬೇಕಾದ ಡಂಡರ್‌ಗಾಗಿ ಆಬ್ಜೆಕ್ಟಿನ ಕಡೆ ತಿರುಗಿಯೂ ನೋಡದೆ ನೇರ ಕ್ಲಾಸಿಗೇ ಹೋಗುತ್ತದೆ.

ಒಳಗೆ ಬರೆದ ಮೆಥಡ್ಡನ್ನು ಕತ್ತರಿಸಿ ಹೊರಗೆ ಅಂಟಿಸಿದರೆ ಮಾತ್ರ ಒಂದಕ್ಷರ ಬದಲಾಗದೆಯೂ ಮುರಿಯಬಹುದು. ಕ್ಲಾಸಿನೊಳಗಿನ ಸೆಲ್ಫ್.__ಶಿಲ್ಕು ಎಂಬುದನ್ನು ಕಂಪೈಲರು ಸದ್ದಿಲ್ಲದೆ _ಖಾತೆ__ಶಿಲ್ಕು ಮಾಡಿರುತ್ತದೆ. ಹೊರಗೆ ಈ ಉಪಕಾರವಿಲ್ಲ, ಓದಲು ಹೋದರೆ ಆಟ್ರಿಬ್ಯೂಟ್‌ಎರರ್ ಬರುತ್ತದೆ. ಆ ಉದ್ದ ಹೆಸರನ್ನೇ ಬರೆಯಬೇಕು. ಮೇಲಿನ ಕ್ಲಾಸಿನ ಮೆಥಡ್ ಕರೆಯಲು ಬಳಸುವ ಸೂಪರ್, ಬ್ರ್ಯಾಕೆಟ್ ಖಾಲಿ ಬಿಟ್ಟಿದ್ದರೆ, ಕೂಡ ಹಾಗೇ. ಅದಕ್ಕೆ ಬೇಕಾದ ಕ್ಲಾಸ್ ಸೆಲ್ (ಇದು ಯಾವ ಕ್ಲಾಸಿನ ಮೆಥಡ್ ಎಂಬ ಗುರುತು) ಹುಟ್ಟುವುದು ಕ್ಲಾಸಿನೊಳಗೆ ಕಂಪೈಲ್ ಆದಾಗ, ಹೊರಗೆ ರನ್‌ಟೈಮ್‌ಎರರ್. ಸೂಪರ್‌ಗೆ ಖಾತೆ, ಸೆಲ್ಫ್ ಎರಡನ್ನೂ ಬಿಡಿಸಿ ಕೊಟ್ಟರೆ ಸರಿಹೋಗುತ್ತದೆ.

ಬ್ರ್ಯಾಕೆಟ್ ಇಲ್ಲದೆ ಓದುವ ಮೆಥಡ್ಡಾದ ಪ್ರಾಪರ್ಟಿ ತೊಂದರೆಯಿಲ್ಲದೆ ಅಂಟುತ್ತದೆ. ಫಂಕ್‌ಟೂಲ್ಸ್ ಮಾಡ್ಯೂಲಿನ ಕ್ಯಾಶ್ಡ್ ಪ್ರಾಪರ್ಟಿ (ಒಮ್ಮೆ ಲೆಕ್ಕ ಹಾಕಿದ್ದನ್ನು ನೆನಪಿಡುವ ಪ್ರಾಪರ್ಟಿ) ಅಂಟುವಾಗ ಸುಮ್ಮನಿದ್ದು, ಓದುವಾಗ ಟೈಪ್‌ಎರರ್ ಎಸೆಯುತ್ತದೆ. ಅದಕ್ಕೆ ತನ್ನ ಹೆಸರು ಗೊತ್ತಾಗುವುದು ಸೆಟ್ ನೇಮ್ ಎಂಬ ಡಂಡರ್‌ನಿಂದ, ಅದನ್ನು ಪೈಥಾನ್ ಕರೆಯುವುದು ಕ್ಲಾಸ್ ಹುಟ್ಟುವಾಗ ಮಾತ್ರ. ಅಂಟಿಸಿದ ಮೇಲೆ ಕ್ಲಾಸನ್ನೂ ಹೆಸರನ್ನೂ ಕೊಟ್ಟು ನಾವೇ ಕರೆಯಬೇಕು.

ಪ್ಯಾಚ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟು ಪ್ರೋಗ್ರಾಮಿನ ಶುರುವಿನಲ್ಲೇ ಇಂಪೋರ್ಟ್ ಮಾಡುವುದು ವಾಸಿ. ಅಲ್ಲೊಂದು ಇಲ್ಲೊಂದು ಚೆಲ್ಲಿದರೆ, ಬಡ್ಡಿ ಇದೆಯೋ ಇಲ್ಲವೋ ಎಂಬುದು ಯಾವ ಫೈಲು ಮೊದಲು ಲೋಡ್ ಆಯಿತು ಎನ್ನುವುದರ ಮೇಲೆ ನಿಂತಿರುತ್ತದೆ.

ಸ್ಟ್ರಿಂಗ್, ಲಿಸ್ಟ್, ಇಂಟ್‌ಗಳಿಗೆ ಇದು ಯಾವುದೂ ನಡೆಯದು. ರೂಬಿಯಲ್ಲಿ ಸ್ಟ್ರಿಂಗಿಗೂ ಮೆಥಡ್ ಸೇರಿಸುವುದು ಸಲೀಸು. ಪೈಥಾನ್ ಟೈಪ್‌ಎರರ್ ಕೊಟ್ಟು ಬಾಗಿಲು ಹಾಕುತ್ತದೆ. ಸ್ಟ್ರಿಂಗಿನ ಸಬ್‌ಕ್ಲಾಸ್ (ಅದರಿಂದ ಹುಟ್ಟಿಸಿದ ಹೊಸ ಕ್ಲಾಸ್) ಮಾಡಿಕೊಳ್ಳಬಹುದು, ಆದರೆ ಅದರ ಮೇಲೆ ದೊಡ್ಡಕ್ಷರ ಮಾಡುವ ಅಪ್ಪರ್ ಕರೆದರೆ ವಾಪಸ್ ಬರುವುದು ಮತ್ತೆ ಹಳೆಯ ಸ್ಟ್ರಿಂಗೇ.