ಒಂದು ಸಿಬಿರು, ಒಂದಿಷ್ಟು ಕೀವು

ಹೋದ ವಾರ ಹಳೇ ಮರದ ಕಪಾಟು ಸರಿಸುವಾಗ ತೋರುಬೆರಳಿಗೆ ಸಿಬಿರು ಚುಚ್ಚಿತು. ಸಣ್ಣದು, ಇರಲಿ ಅಂತ ಬಿಟ್ಟೆ. ಮಾರನೇ ದಿನ ಬೆರಳು ಕೆಂಪಗೆ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ, ನಾಡಿ ಬಡಿದ ಹಾಗೆ ಒಂದೇ ಸಮ ಪಟಪಟ ನೋವು. ಮೂರನೇ ದಿನ ತುದಿಯಲ್ಲಿ ಹಳದಿ ಕೀವು.

ಈ ಊತ, ಕೆಂಪು, ಬಿಸಿ ಯಾವುದನ್ನೂ ಸಿಬಿರು ಮಾಡಿದ್ದಲ್ಲ, ನನ್ನದೇ ಮೈ ಮಾಡಿದ್ದು. ಚರ್ಮದೊಳಗಿನ ಕಾವಲು ಕೋಶಗಳು ಕೂಗು ಹಾಕಿದವು, ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗಿ ಸೋರತೊಡಗಿದವು, ಆ ಸಂದಿನಲ್ಲೇ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ನುಗ್ಗಿ ಬಂದು ಬ್ಯಾಕ್ಟೀರಿಯಾ ನುಂಗಿ ತಾವೂ ಸತ್ತವು. ಕೀವು ಅಂದರೆ ಬಹುಪಾಲು ಅವುಗಳ ಹೆಣ.

1882ರಲ್ಲಿ ಇಲ್ಯಾ ಮೆಚ್ನಿಕೋವ್ ಅನ್ನುವ ಜೀವವಿಜ್ಞಾನಿ ಇದನ್ನು ಬೇಕಂತಲೇ ಮಾಡಿ ನೋಡಿದ್ದರು. ನಕ್ಷತ್ರಮೀನಿನ ಮರಿಗಳ ಮೈ ಗಾಜಿನಂತೆ, ಒಳಗಿನದೆಲ್ಲ ಕಾಣುತ್ತದೆ. ಅವಕ್ಕೆ ಮುಳ್ಳು ಚುಚ್ಚಿಟ್ಟು ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ನೊಬೆಲ್ ಬಂತು. ಅದನ್ನು ಅವರ ಜೊತೆ ಹಂಚಿಕೊಂಡ ಪಾಲ್ ಎರ್ಲಿಕ್ ಅವರ ತಲೆ ತಿಂದಿದ್ದು ಬೇರೆಯೇ ಪ್ರಶ್ನೆ. ಆಡಿಗೆ ಬೇರೆ ಆಡಿನ ರಕ್ತ ಚುಚ್ಚಿದರೆ ಅದರ ವಿರುದ್ಧ ಪ್ರತಿಕಾಯ, ಅಂದರೆ ಹೊರಗಿನದಕ್ಕೆ ಅಂಟಿಕೊಳ್ಳುವ ರಕ್ಷಣಾ ಪ್ರೋಟೀನು, ಹುಟ್ಟುತ್ತಿತ್ತು, ತನ್ನದೇ ರಕ್ತ ಚುಚ್ಚಿದರೆ ಹುಟ್ಟುತ್ತಿರಲಿಲ್ಲ. ಇಷ್ಟೊಂದು ಹೊಡೆದಾಡುವ ವ್ಯವಸ್ಥೆ ನಮ್ಮನ್ನೇ ಯಾಕೆ ಹೊಡೆಯೋದಿಲ್ಲ?

ನನಗಂತೂ ಇದೇ ನಿಜವಾದ ಸೋಜಿಗ. ಹೊಡೆಯೋದೇನು, ಹೊಡೆಯಬಹುದು. ಸುಮ್ನಿರೋದು ಕಷ್ಟ.

ಯಾಕೆಂದರೆ ಟಿ ಕೋಶಗಳು ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಶತ್ರುವನ್ನು ಹಿಡಿಯುವ ತಮ್ಮ ಕೊಂಡಿಯನ್ನು ಜೀನ್ ತುಣುಕುಗಳನ್ನು ಇಸ್ಪೀಟ್ ಎಲೆ ಕಲೆಸಿದ ಹಾಗೆ ಕಲೆಸಿ ಮಾಡಿಕೊಳ್ಳುತ್ತವೆ. ನಾಳೆ ಯಾವ ರೋಗಾಣು ಬರುತ್ತದೋ ಯಾರಿಗೆ ಗೊತ್ತು, ಹಾಗಾಗಿ ಎಲ್ಲ ಥರದ್ದೂ ಇರಲಿ ಅಂತ. ಅದರಲ್ಲಿ ಕೆಲವು ನಮ್ಮದೇ ಅಂಗಗಳಿಗೆ ಕಚ್ಚಿಕೊಳ್ಳುವಂಥವೂ ಇರುತ್ತವೆ ಅಲ್ವಾ? ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಅವಕ್ಕೆ ಪರೀಕ್ಷೆ. ಯಾವುದಕ್ಕೂ ಅಂಟದವು ದಂಡ, ನಮಗೇ ಗಟ್ಟಿಯಾಗಿ ಅಂಟುವವು ಅಪಾಯ, ಎರಡೂ ಸಾಯುತ್ತವೆ. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಅಲ್ಲೇ ಫೇಲ್!

ಆದರೂ ಕೆಲವು ನುಸುಳುತ್ತವೆ. ಜಪಾನಿನ ವಿಜ್ಞಾನಿ ಶಿಮೊನ್ ಸಕಾಗುಚಿ ಅವರು ಹಿಡಿದುಕೊಂಡು ಕೂತಿದ್ದು ಈ ಎಳೆಯನ್ನೇ. ಹುಟ್ಟಿ ಮೂರು ದಿನವಾದ ಇಲಿಮರಿಯ ಥೈಮಸ್ ತೆಗೆದರೆ ರಕ್ಷಣೆ ಕಡಿಮೆಯಾಗಬೇಕು ತಾನೇ, ಆದರೆ ಅದರ ಕೋಶಗಳು ಅದರದೇ ಅಂಗಗಳ ಮೇಲೆ ಬಿದ್ದವು. ಆರೋಗ್ಯವಾಗಿರುವ ಇಲಿಯ ಟಿ ಕೋಶ ಕೊಟ್ಟರೆ ದಾಳಿ ಇಲ್ಲ. ಅಂದರೆ ಆ ಗುಂಪಿನಲ್ಲಿ ಉಳಿದವರನ್ನು ತಡೆದು ನಿಲ್ಲಿಸುವ ಕೋಶಗಳೂ ಇದ್ದವು. 1995ರಲ್ಲಿ ಅವನ್ನು ಗುರುತಿಸಿದರು. 2025ರ ನೊಬೆಲ್ ಇದಕ್ಕೇ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಜೊತೆಗೆ.

ಈ ತಡೆ ಸೋತರೆ ಏನೇನೋ ಆಗುತ್ತದೆ. ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ನಮ್ಮದೇ ಟಿ ಕೋಶಗಳು ಸದ್ದಿಲ್ಲದೆ ಕೊಲ್ಲುತ್ತವೆ. ಬಾಯಾರಿಕೆ, ಸುಸ್ತು ಅಂತ ಗೊತ್ತಾಗುವ ಹೊತ್ತಿಗೆ ಆಗಲೇ ತುಂಬಾ ಹೋಗಿರುತ್ತವೆ. ರುಮಟಾಯ್ಡ್ ಸಂಧಿವಾತದಲ್ಲಿ ಕೀಲುಗಳ ಒಳಪದರಕ್ಕೆ ಏಟು. ಅಲರ್ಜಿಯಲ್ಲಿ ಗುರಿ ನಾವಲ್ಲ, ಪಾಪದ ಹೂವಿನ ಪರಾಗ.

ಅದಕ್ಕೇ "ಇಮ್ಯುನಿಟಿ ಜಾಸ್ತಿ ಮಾಡಿಕೊಳ್ಳಿ" ಅನ್ನುವ ಜಾಹೀರಾತು ಕಂಡರೆ ನನಗೆ ನಗು ಬರುತ್ತದೆ. ಸಂಧಿವಾತದವರು ನುಂಗುವ ಎಷ್ಟೋ ಮಾತ್ರೆಗಳ ಕೆಲಸವೇ ಅದನ್ನು ತಗ್ಗಿಸೋದು. ಸೋಂಕು ಬೇಗ ತಗಲಬಹುದು ಅಂತ ಗೊತ್ತಿದ್ದೂ ನುಂಗುತ್ತಾರೆ.

ಕೊನೆಗೆ ಸೂಜಿ ಕಾಯಿಸಿ, ಹಲ್ಲು ಕಚ್ಚಿಕೊಂಡು ಸಿಬಿರು ತೆಗೆದೆ. ಊತ ತಾನಾಗಿ ಇಳಿಯಿತು. ತಾನಾಗಿ ಅಂದರೆ ತಪ್ಪು. ಮ್ಯಾಕ್ರೋಫೇಜ್ ಅನ್ನುವ ದೊಡ್ಡ ಕೋಶಗಳು ಸತ್ತ ನ್ಯೂಟ್ರೋಫಿಲ್‌ಗಳನ್ನು ತಿಂದು ಜಾಗ ಗುಡಿಸಿ, ಇನ್ನು ಸಾಕು ಅಂತ ಸುದ್ದಿ ಕಳಿಸಿದವು. ಈಗ ಅಲ್ಲಿ ಒಣಚರ್ಮ ಸುಲಿಯುತ್ತಿದೆ, ಟೈಪ್ ಮಾಡುವಾಗ ಒಂಚೂರು ಚುರುಗುಟ್ಟುತ್ತದೆ.